ಇದ್ದಿಲು ಬಸ್ಸಿನಲ್ಲಿ ಸಂಸಾರ

ಕೆಲವರು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಫಜೀತಿ ಹುಡುಕಿಕೊಂಡು ಬರುತ್ತೆ. ನಾವೋ, ಮನೆಗೇ ಚಕ್ರ ಹಾಕಿಕೊಂಡು ಫಜೀತಿಯನ್ನು ಹುಡುಕಿಕೊಂಡು ಹೊರಟವರು. ಸಿಗದೆ ಇರುತ್ತದೆಯೇ?

ನಮ್ಮ ಯಜಮಾನರು ಫೋಟೋ ತೆಗೆಯುವವರು. ಬೇಸಿಗೆ ಬಂತೆಂದರೆ ಊರೂರಲ್ಲಿ ಮದುವೆ. ಆದರೆ ಅದು ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೂ ಬೀಳುತ್ತಿರಲಿಲ್ಲ. ಇವರು ಎಲ್ಲಿಂದಲೋ ಒಂದು ಹಳೇ ಬಸ್ಸು ತಂದರು. ಸೀಟು ಕಿತ್ತು ಒಂದು ಕಡೆ ಹಾಸಿಗೆ, ಒಂದು ಕಡೆ ಅಡುಗೆ ಒಲೆ, ಕೊನೆಯಲ್ಲಿ ಕರೀ ಪರದೆ ಕಟ್ಟಿ ಫೋಟೋ ತೊಳೆಯುವ ಜಾಗ ಮಾಡಿದರು. ಹೊರಗೆ, ಬಸ್ಸಿನ ಬೆನ್ನಿಗೆ ಹಂಡೆಯಂಥ ಇದ್ದಿಲ ಒಲೆ. ಅದರ ಗ್ಯಾಸಿನಲ್ಲಿ ಬಸ್ಸು ಓಡಬೇಕು.

"ಮಹಾರಾಜರಿಗೂ ಇಂಥ ಅರಮನೆ ಇಲ್ಲ ಕಣೇ" ಅಂದರು.

"ಅವರಿಗೆ ಇಷ್ಟು ಸೆಕೆಯೂ ಇರಲ್ಲ ಬಿಡಿ" ಅಂದು ಹತ್ತಿ ಕೂತೆ.

ಕೊರಟಗೆರೆ: ಸಾರಿನ ರುಚಿ

ಕೊರಟಗೆರೆಯಲ್ಲಿ ಒಂದು ಹುಣಸೆಮರದ ನೆರಳು ಸಿಕ್ಕಿತು. ಬಸ್ಸು ನಿಲ್ಲಿಸಿ ಇವರು ಇದ್ದಿಲು ತರಲು ಹೋದರು. ನಾನು ಸಾರಿಗೆ ಒಗ್ಗರಣೆ ಹಾಕಿ ಹಿಂತಿರುಗಿ ನೋಡುತ್ತೇನೆ, ನಮ್ಮ ಹಾಸಿಗೆಯ ಮೇಲೆ ಒಬ್ಬ ಅಜ್ಜಿ ಚಕ್ಕಂಬಕ್ಕಲ ಹಾಕಿ ಕೂತಿದ್ದಾರೆ. ಕಂಕುಳಲ್ಲಿ ಎರಡು ಕೋಳಿ.

"ಅಜ್ಜಿ, ಇದು ಬಸ್ಸಲ್ಲ, ನಮ್ಮ ಮನೆ."

"ನಂಗೇನು ಕಣ್ಣು ಕಾಣಾಕಿಲ್ವಾ? ಚಕ್ರ ಐತೆ, ಪೋಂ ಪೋಂ ಐತೆ. ತೋವಿನಕೆರೆ ತಾವ ಇಳಿಸಿಬುಡು ಕಂಡಕ್ಟ್ರಮ್ಮ. ವತ್ತಾರೆಯಿಂದ ಕಾದು ಕಾದು ಸಾಕಾಗೋಯ್ತು."

ಇವರು ಬಂದು ಕೈಮುಗಿದು ಹೇಳಿದರು. ಅಜ್ಜಿ ಜಗ್ಗಲಿಲ್ಲ. ನಾವು ಊಟಕ್ಕೆ ಕೂತಾಗ ಬಿಟ್ಟು ತಿನ್ನುವುದು ಹೇಗೆ? ಅವರಿಗೂ ಒಂದೆಲೆ ಹಾಕಿದೆ. ಚೆನ್ನಾಗಿ ಉಂಡರು, ಒಂದು ನಿದ್ದೆಯನ್ನೂ ತೆಗೆದರು. ಕೋಳಿಗಳು ನನ್ನ ದಿಂಬಿನ ಮೇಲೆ ತಮಗೆ ತೋಚಿದ್ದನ್ನು ಮಾಡಿದವು. ಕೊನೆಗೆ ಬೇರೆ ದಾರಿ ಕಾಣದೆ ಇವರು ಬಸ್ಸನ್ನು ತೋವಿನಕೆರೆ ಕಡೆಗೆ ತಿರುಗಿಸಿದರು.

ಅಜ್ಜಿ ಇಳಿದು, ಕೋಳಿ ಸರಿಮಾಡಿಕೊಂಡು, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಬಸ್ಸೇನೋ ಚೆಂದಾಗೈತೆ ಕಣಮ್ಮ. ನಿಮ್ಮ ಸಾವ್ಕಾರಂಗೆ ಯೋಳು, ಸಾರಿಗೆ ಒಸಿ ಉಪ್ಪು ಸಾಲ್ದು."

ಮಧುಗಿರಿ: ಪ್ರಾಣ ಉಳಿಸಿದವರು

ಮಧುಗಿರಿಯ ಬಂಡೆಬೆಟ್ಟ ಹಗಲೆಲ್ಲಾ ಬಿಸಿಲು ಕುಡಿದು ಸಂಜೆಗೆ ಊರಿನ ಮೇಲೆ ಉಗುಳುತ್ತಿತ್ತು. ನಮ್ಮ ಬಸ್ಸಿನ ತಗಡಿನ ಮೇಲೆ ಹಾಕಿದ ಸಂಡಿಗೆ ಒಣಗುವುದಿರಲಿ, ಕೆಂಪಗಾಗಿಬಿಡುತ್ತಿತ್ತು.

ಅಲ್ಲಿ ಒಂದು ಬೆಳಗ್ಗೆ ಇವರು ಇದ್ದಿಲ ಒಲೆಗೆ ಬೆಂಕಿ ಹಾಕಿ, ಗಾಳಿಯೂದುವ ಚಕ್ರ ತಿರುಗಿಸುತ್ತಿದ್ದರು. ಈ ಕೆಲಸಕ್ಕೆ ಒಂದು ಗಂಟೆಯಾದರೂ ಬೇಕು. ತಿರುಗಿಸೀ ತಿರುಗಿಸೀ ಬನಿಯನ್ನು ಹಿಂಡುವ ಹಾಗಾಗಿತ್ತು. ಇನ್ನೇನು ಗ್ಯಾಸು ಬಂತು ಎನ್ನುವಾಗ ದಟ್ಟ ಹೊಗೆ ಎದ್ದಿತು. ಕೊಳದಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸರು ಕಂಡರು.

"ಅಯ್ಯೋ, ಮೋಟಾರಿಗೆ ಬೆಂಕಿ ಬಿದ್ದೈತೆ ಬನ್ರೇ!"

ಇವರು "ಬೇಡ್ರಮ್ಮಾ, ಬೇಡಿ!" ಎಂದು ಎರಡೂ ಕೈ ಚಾಚಿ ಅಡ್ಡ ನಿಂತರು. ಪಾಪ, ಬೆಂಕಿಯಲ್ಲಿ ಸಿಕ್ಕಿ ಬಡಬಡಿಸುತ್ತಿದ್ದಾನೆ ಅಂದುಕೊಂಡರೋ ಏನೋ, ಮೊದಲನೇ ಕೊಡ ಇವರ ತಲೆಯ ಮೇಲೆಯೇ ಬಿತ್ತು. ಮಿಕ್ಕಿದ್ದೆಲ್ಲಾ ಒಲೆಗೆ. ಚೊಯ್ ಎಂದು ಅದು ಸತ್ತಿತು.

ಇವರ ಪೇಟದಂಥ ಕ್ರಾಪಿನಿಂದ ನೀರು ಸುರಿಯುತ್ತಿದೆ. ಹೆಂಗಸರ ಪೈಕಿ ಹಿರಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಸಮಾಧಾನ ಮಾಡಿದರು. "ಅಳಬೇಡ ಕಣವ್ವ. ನಿನ್ನ ಮುತ್ತೈದೆತನ ಗಟ್ಟಿ ಐತೆ, ಉಳ್ಕೊಂಡ್ರು."

ನಾನು ಅಳುತ್ತಿರಲಿಲ್ಲ, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಆಮೇಲೆ ಅವರೆಲ್ಲಾ ಖಾಲಿ ಕೊಡಗಳನ್ನು ಸೊಂಟಕ್ಕಿಟ್ಟು ಸಾಲಾಗಿ ನಿಂತರು. "ಫೋಟೋದೋರಂತಲ್ಲ, ಪ್ರಾಣ ಉಳಿಸಿದ್ದಕ್ಕೆ ಒಂದು ಪಟನಾದ್ರೂ ತೆಗೀರಿ ಸ್ವಾಮಿ!"

ಸಿರಾ: ಸಾಹೇಬರ ಮೀಸೆ

ಸಿರಾದಲ್ಲಿ ಕುದುರೆ ವ್ಯಾಪಾರದ ಒಬ್ಬ ಸಾಹೇಬರಿದ್ದರು. ಅವರ ಮೀಸೆ ಊರಿಗೇ ಹೆಸರುವಾಸಿ. ಮೇಣ ಹಚ್ಚಿ ತಿರುವಿದ ಎರಡು ತುದಿ ಆಕಾಶ ನೋಡುತ್ತಿದ್ದವು.

"ನಮ್ದು ಮುಖ ಹೆಂಗಾದ್ರೂ ಬರ್ಲಿ ಭಾಯಿ, ಮೀಸೆ ಬರಾಬರ್ ಬರ್ಬೇಕು" ಅಂತ ಕುರ್ಚಿಯಲ್ಲಿ ಕೂತರು. ನಡುಮಧ್ಯಾಹ್ನದ ಬಿಸಿಲು. ಇವರು ಕ್ಯಾಮರಾದ ಕರೀ ಬಟ್ಟೆಯೊಳಗೆ ತಲೆ ಹಾಕಿ ಹೊರಗೆ ಬರುವಷ್ಟರಲ್ಲಿ ಮೇಣ ಕರಗಿ ಎಡಗಡೆ ತುದಿ ಇಳಿಯಿತು. ಸಾಹೇಬರು ಅದನ್ನು ತಿರುವಿದರು. ಅಷ್ಟರಲ್ಲಿ ಬಲಗಡೆಯದು ಇಳಿಯಿತು. ಅದನ್ನು ಎತ್ತಿದರೆ ಮತ್ತೆ ಎಡಗಡೆ.

"ಈಗ ತೆಗೀರಿ, ಜಲ್ದಿ!"

ತೆಗೆದೂ ಆಯಿತು. ಪಟ ತೊಳೆದು ನೋಡಿದರೆ ಎರಡು ತುದಿಯೂ ಮಳೆಯಲ್ಲಿ ನೆನೆದ ಕಾಗೆಯ ರೆಕ್ಕೆಯ ಹಾಗೆ ಜೋತುಬಿದ್ದಿವೆ. ಇವರು "ನೀನೇ ಕೊಡೇ, ಹೆಂಗಸರ ಮೇಲೆ ರೇಗಲ್ಲ" ಅಂತ ನನ್ನನ್ನು ಮುಂದೆ ತಳ್ಳಿದರು.

ಗಾಬರಿಯಲ್ಲಿ ನಾನು ಪಟವನ್ನು ತಲೆಕೆಳಗಾಗಿ ಹಿಡಿದು ಕೊಟ್ಟೆ. ಸಾಹೇಬರು ಅದನ್ನೇ ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ವಾಹ್! ಮೀಸೆ ಮೇಲಕ್ಕೇ ಐತೆ!"

"ಸಾಹೇಬರೇ, ಅದು ಉಲ್ಟಾ..." ಎಂದರು ಇವರು.

"ಇರ್ಲಿ ಬಿಡ್ರಿ. ಗೋಡೆಗೆ ಹಿಂಗೇ ಹೊಡೀತೀನಿ. ಮೀಸೆ ನೆಟ್ಟಗಿದ್ರೆ ಆಯ್ತು, ತಲೆ ಎಲ್ಲಿದ್ರೇನು?"

ಪಾವಗಡ: ಬಂದಿಳಿದ ಮದುಮಗ

ಪಾವಗಡದಲ್ಲಿ ಒಂದು ಮದುವೆ ದಿಬ್ಬಣ ವಳ್ಳೂರಿಗೆ ಹೊರಡಬೇಕಿತ್ತು. ಬಿಸಿಲಿಗೆ ಗಾಡಿಯ ಎತ್ತುಗಳು ಮಲಗಿಬಿಟ್ಟವು. ಗಂಡಿನ ತಂದೆ ಓಡಿ ಬಂದು, "ಮುಹೂರ್ತ ಮೀರಿದ್ರೆ ಮದುವೆ ನಿಲ್ತೈತೆ, ನೀವೇ ಕಾಪಾಡಬೇಕು" ಅಂದರು. ಇವರಿಗೆ ಎಲ್ಲಿಲ್ಲದ ಹುರುಪು. ಮದುವೆಗೆ ಹೋಗುವಾಗ ಸುತ್ತುವ ಜರಿ ಪೇಟ ಸುತ್ತಿಕೊಂಡು, ಎಲ್ಲರನ್ನೂ ಬಸ್ಸಿಗೆ ತುಂಬಿದರು.

ದಾರಿಯಲ್ಲಿ ಒಂದು ದಿಣ್ಣೆ ಬಂತು. ಬಸ್ಸು ಕೆಮ್ಮಿ ನಿಂತಿತು. "ಎಲ್ಲಾರೂ ಇಳಿದು ತಳ್ಳಿ!" ದಿಬ್ಬಣವೆಲ್ಲಾ ಇಳಿಯಿತು, ಪುರೋಹಿತರೂ ಇಳಿದರು. ಬಾಸಿಂಗ ಕಟ್ಟಿದ್ದ ಮದುಮಗ ಪಂಚೆ ಎತ್ತಿ ಕಟ್ಟಿ ಎಲ್ಲರಿಗಿಂತ ಜೋರಾಗಿ ತಳ್ಳಿದ. ಬಸ್ಸು ಬಿಡುತ್ತಿದ್ದ ಇವರನ್ನು ಬಿಟ್ಟರೆ, ಧಾರೆ ಸೀರೆಯ ತಟ್ಟೆ ಹಿಡಿದುಕೊಂಡಿದ್ದ ನಾನೊಬ್ಬಳು ಒಳಗೆ ಉಳಿದೆ.

ದಿಣ್ಣೆ ಹತ್ತಿದ್ದೇ ತಡ, ಬಸ್ಸಿಗೆ ಜೀವ ಬಂತು. ಇಳಿಜಾರಿನಲ್ಲಿ ಗಡಗಡನೆ ಓಡಿತು. ಹಿಂದೆ ನೋಡಿದರೆ ಧೂಳಿನಲ್ಲಿ ಮದುಮಗ ಕೈ ಬೀಸುತ್ತಾ ಓಡಿ ಬರುತ್ತಿದ್ದಾನೆ.

"ನಿಲ್ಲಿಸ್ರೀ! ಮದುಮಗ! ಮದುಮಗ!" ಅಂತ ಕಿರುಚಿದೆ.

ಇಂಜಿನ್ ಗದ್ದಲದಲ್ಲಿ ಇವರಿಗೆ ಕೇಳಿಸಿದ್ದು ಒಂದೇ ಮಾತು. "ಹೂಂ ಕಣೇ! ಮದುಮಗನಿಗೆ ಎಷ್ಟು ಖುಷಿಯಾಗಿದೆಯೋ!" ಅಂತ ಇನ್ನೂ ಜೋರಾಗಿ ಬಿಟ್ಟರು.

ವಳ್ಳೂರಿನಲ್ಲಿ ಬಸ್ಸು ಚಪ್ಪರದ ಮುಂದೆ ನಿಂತೇ ನಿಂತಿತು. ಓಲಗದವರು ಶುರುಮಾಡಿದರು. ಇವರು ಜರಿ ಪೇಟದಲ್ಲಿ, ಮುಖದ ತುಂಬಾ ಇದ್ದಿಲ ಮಸಿಯಲ್ಲಿ ಇಳಿದರು. ಇಳಿದ ಗಂಡಸು ಇವರೊಬ್ಬರೇ. ಹೆಂಗಸರು ಹಿಂದೆಮುಂದೆ ನೋಡದೆ ಕಾಲು ತೊಳೆದರು, ಆರತಿ ಎತ್ತಿದರು, ಹಾರ ಹಾಕಿದರು. ಇವರು, ಊರಿನ ಮರ್ಯಾದೆ ದೊಡ್ಡದು ಅಂದುಕೊಂಡು ಹಲ್ಲುಬಿಟ್ಟು ನಿಂತಿದ್ದಾರೆ.

ಒಬ್ಬ ಅಜ್ಜಿ ಹತ್ತಿರ ಬಂದು ನೋಡಿ ಎದೆ ಬಡಿದುಕೊಂಡರು. "ಅಯ್ಯೋ ದೇವುಡಾ! ಪೆಳ್ಳಿಕೊಡುಕು ಮುಸಲೋಡಮ್ಮಾ!"

ಮದುಮಗ ಮುದುಕ ಎಂಬ ಸುದ್ದಿ ಒಳಕ್ಕೆ ಓಡಿತು. ಕಿಟಕಿಯಲ್ಲಿ ಇಣುಕಿದ ಹುಡುಗಿ ಹೋ ಎಂದು ಅಳಲು ಶುರುಮಾಡಿದಳು. ಅಷ್ಟರಲ್ಲಿ ಸೀರೆ ತಟ್ಟೆ ಹಿಡಿದು ನಾನು ಇಳಿದೆ.

"ನೀನ್ಯಾರಮ್ಮ?"

"ಇವರ ಹೆಂಡತಿ."

ಓಲಗ ನಿಂತಿತು. ಅಜ್ಜಿ ಪೊರಕೆ ಹುಡುಕಿದರು. ಗಲಾಟೆ ಕೇಳಿ ಹುಡುಗಿಯ ತಂದೆ ಹೊರಗೆ ಬರದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. "ಇವನಲ್ಲ! ಹುಡುಗ ಎಲ್ಲಿ?" ಎಂದರು ಅವರು. ಇವರು ಆಗ ಹಿಂತಿರುಗಿ ಬಸ್ಸಿನೊಳಗೆ ನೋಡಿ, "ಅರೆ, ಎಲ್ಲೋದ್ರು ಎಲ್ಲಾ?" ಅಂತ ನನ್ನನ್ನೇ ಕೇಳಿದರು!

ನಿಜವಾದ ಮದುಮಗ ಸೌದೆ ಗಾಡಿಯ ಮೇಲೆ ಕೂತು, ಕಾಲಿಗೊಂದು ಜೋಡಿಲ್ಲದೆ, ಧೂಳಲ್ಲಿ ಮಿಂದು ಬಂದ. ಅದೇ ಗಾಡಿಯಿಂದ ಇಳಿದ ಪುರೋಹಿತರು ಹೊಸ್ತಿಲಲ್ಲೇ ಮಂತ್ರ ಶುರುಮಾಡಿದರು. ಮುಹೂರ್ತ ಹೇಗೋ ಸಿಕ್ಕಿತು. ಅವನು ತಾಳಿ ಕಟ್ಟುವಾಗ ಹುಡುಗಿ ನಕ್ಕಳು ನೋಡಿ, ಅಂಥ ನಗು ಇವರ ಕ್ಯಾಮರಾಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ.

ವಾಪಸು ಬರುವಾಗ ಇವರು ಕೊರಳಿನ ಹಾರ ತೆಗೆದಿರಲಿಲ್ಲ. ಮೀಸೆ ಸವರಿಕೊಂಡು, "ನೋಡ್ದೇನೇ? ಈ ವಯಸ್ಸಲ್ಲೂ ನನ್ನ ಮದುಮಗ ಅಂದುಕೊಂಡ್ರು" ಅಂದರು.

"ನೋಡ್ದೆ ನೋಡ್ದೆ" ಅಂದೆ. "ಆ ಹುಡುಗಿ ಅತ್ತಿದ್ದನ್ನೂ ನೋಡ್ದೆ. ಪಾಪ, ನಮ್ಮ ಮದುವೇಲಿ ನಾನೂ ಹಿಂಗೇ ಅತ್ತಿದ್ದೆ. ನನಗೆ ಮಾತ್ರ ಹಿಂದೆ ಸೌದೆ ಗಾಡೀಲಿ ಯಾರೂ ಬರಲಿಲ್ಲ!"