ಲೈಬ್ರರಿಯಲ್ಲಿ ಅತ್ತೆಯ ಸಂಗೀತ, ನನ್ನ ಲೆಕ್ಕ

2025ರ ಜನವರಿ ಹನ್ನೊಂದು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಮೂವತ್ತೇಳು ನಿಮಿಷ. ಜನರನ್ನು ಮಲಗಿಸಿ ಸಂಬಳ ಪಡೆಯುವ ನಮ್ಮ ಸೋದರತ್ತೆ, ಜನರನ್ನು ಎಚ್ಚರವಾಗಿ ಕೂರಿಸುವ ಬಿಟ್ಟಿ ಕೆಲಸಕ್ಕೆ ಕೈಹಾಕಿದ ಗಳಿಗೆ ಇದು. ಗಡಿಯಾರ ನೋಡಿ ಬರೆದುಕೊಂಡಿದ್ದೇನೆ, ಸುಳ್ಳಲ್ಲ.

ಗಾಬರಿಯಾಗಬೇಡಿ. ಅತ್ತೆ ಮೈಸೂರಿನಲ್ಲಿ ಓದಿ, ಇಲ್ಲಿ ಐರ್ಲೆಂಡಿನ ಕಾರ್ಕ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದಾರೆ. ಆಪರೇಷನ್ನಿಗೆ ಮುಂಚೆ ಬೇರೆ ಡಾಕ್ಟರುಗಳು ರೋಗಿಗೆ "ಹತ್ತರಿಂದ ಹಿಂದಕ್ಕೆ ಎಣಿಸಿ" ಎಂದರೆ, ನಮ್ಮತ್ತೆ "ನಿಮಗಿಷ್ಟವಾದ ಹಾಡು ಹೇಳಿ" ಅನ್ನುತ್ತಾರೆ. ರೋಗಿ ಪಾಪ, ನಡುಗುತ್ತಲೇ ಶುರುಮಾಡುತ್ತಾನೆ. ಮೊದಲ ಸಾಲು ಬರುತ್ತದೆ. ಎರಡನೆಯ ಸಾಲಿನ ನಡುವೆ ಗೊರಕೆ!

"ಹದಿನೆಂಟು ವರ್ಷ ಆಯ್ತು ಕಣೇ," ಎಂದರು ಒಮ್ಮೆ, ದೋಸೆ ಮಗುಚುತ್ತಾ. "ಈ ಊರಿನ ಸಾವಿರಾರು ಹಾಡು ನಂಗೆ ಗೊತ್ತು. ಒಂದರದ್ದೂ ಮೂರನೇ ಸಾಲು ಗೊತ್ತಿಲ್ಲ."

"ಮೊಬೈಲಲ್ಲಿ ಕೇಳಬಹುದಲ್ವಾ?" ಎಂದರು ಮಾವ, ಅಂದರೆ ಅತ್ತೆಯ ಗಂಡ. ಸಾಫ್ಟ್‌ವೇರ್ ಇಂಜಿನಿಯರು, ಎಲ್ಲದಕ್ಕೂ ಸುಲಭದ ದಾರಿ ತೋರಿಸಿ ಬೈಸಿಕೊಳ್ಳುವವರು.

"ಮೊಬೈಲು ನನ್ನ ಮುಖ ನೋಡ್ಕೊಂಡು ಹಾಡುತ್ತೇನ್ರೀ?"

ಅಲ್ಲಿಗೆ ತೀರ್ಮಾನವಾಯಿತು. ಮನುಷ್ಯರೇ ಬಂದು, ಎದುರಿಗೆ ಕೂತು, ಹಾಡನ್ನು ಕೊನೆಯ ಸಾಲಿನವರೆಗೂ ಹಾಡಬೇಕು. ಎಲ್ಲಿ? ಡಗ್ಲಸ್ ಬಡಾವಣೆಯ ನಮ್ಮ ಮನೆಯಿಂದ ಹನ್ನೆರಡು ನಿಮಿಷದ ನಡಿಗೆಯ ಲೈಬ್ರರಿಯಲ್ಲಿ! ಪಿಸುಮಾತಿಗೂ ಜನ ತಿರುಗಿ ನೋಡುವ ಜಾಗದಲ್ಲಿ ಮೃದಂಗ ಬಾರಿಸುವ ಯೋಚನೆ ನಮ್ಮತ್ತೆಗಲ್ಲದೆ ಇನ್ಯಾರಿಗೆ ಹೊಳೆದೀತು?

ಲೈಬ್ರರಿಯ ಮೇಲ್ವಿಚಾರಕಿ ಬ್ರೀಡಾ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಲೈಬ್ರರಿಯ ಹಿಂಬದಿಯ ಹಾಲನ್ನು ವಾರ ಬಿಟ್ಟು ವಾರ ಆರು ಶನಿವಾರ ಕೊಡುತ್ತಾರೆ. ಪ್ರವೇಶ ಉಚಿತ. ಆರನೆಯ ಸಲ ನಲವತ್ತು ಜನ ಕೂತು ಕೇಳಿದರೆ ವರ್ಷವಿಡೀ ಹಾಲು ನಮ್ಮದು. ಇಲ್ಲದಿದ್ದರೆ ಅದೇ ಹೊತ್ತಿಗೆ ಕಾಯುತ್ತಿರುವ ಯೋಗ ತರಗತಿಗೆ ಹೋಗುತ್ತದೆ. ಯೋಗ ಕಲಿಸುವಾಕೆ ಅಪ್ಪಟ ಐರಿಶ್ ಹೆಂಗಸು.

"ಮೈಸೂರಿನವಳು ನಾನು! ಯೋಗದ ಕೈಲಿ ಸೋಲೋದಾ?" ಎಂದು ಅತ್ತೆ ಸೆರಗು ಸಿಕ್ಕಿಸಿದರು. ಅವರು ಉಟ್ಟಿದ್ದದ್ದು ಪ್ಯಾಂಟು. ಆದರೂ ಸಿಕ್ಕಿಸಿದರು.

ಜನರನ್ನು ಎಣಿಸುವ ಕೆಲಸ ನನಗೆ ಬಂತು. ನಾನು ಅವರ ಅಣ್ಣನ ಮಗಳು. ಇದೇ ಊರಿನ ಹಾಲಿಹಿಲ್ ಬಡಾವಣೆಯಲ್ಲಿ ಕೆಲಸ, ಊಟ ವಸತಿ ಅತ್ತೆಯ ಮನೆಯಲ್ಲಿ. ಕಾರ್ಕ್‌ನಲ್ಲಿ ಮಳೆ ಬಾರದ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುವವಳು. ಆ ಪುಟ ಇನ್ನೂ ತುಂಬಿಲ್ಲ.

ಮೊದಲ ಕಚೇರಿಗೇ ವಿಘ್ನ. ರಾಹುಕಾಲ! ಊರಲ್ಲಾದರೆ ಶನಿವಾರ ಒಂಬತ್ತರಿಂದ ಹತ್ತೂವರೆ, ಕಚೇರಿ ಹನ್ನೊಂದಕ್ಕೆ, ತೊಂದರೆಯೇ ಇಲ್ಲ. ಆದರೆ ಮಾವ ಸುಮ್ಮನಿರಬೇಕಲ್ಲ? ಕಾರ್ಕ್‌ನಲ್ಲಿ ಜನವರಿಯ ಸೂರ್ಯ ಹುಟ್ಟುವುದೇ ಎಂಟೂ ನಲವತ್ತರ ಹತ್ತಿರ, ನಾಲ್ಕೂ ಮುಕ್ಕಾಲಿಗೆಲ್ಲ ಮುಳುಗುತ್ತಾನೆ. ಆ ಪುಟ್ಟ ಹಗಲನ್ನು ಎಂಟು ಭಾಗ ಮಾಡಿದರೆ ಮೂರನೆಯ ಭಾಗ ಹತ್ತೂ ನಲವತ್ತರಿಂದ ಹನ್ನೊಂದೂ ನಲವತ್ತರವರೆಗೆ ಎಂದು ಎಕ್ಸೆಲ್‌ನಲ್ಲಿ ಹಾಕಿ ತೋರಿಸಿಬಿಟ್ಟರು!

"ಡಾಕ್ಟರಾಗಿ ಇದನ್ನೆಲ್ಲಾ ನಂಬ್ತೀರಾ ಅತ್ತೆ?" ಎಂದೆ.

"ನಂಬಲ್ಲ. ಹಾಗಂತ ಬಿಡೋಕಾಗುತ್ತಾ?"

ಆದ್ದರಿಂದ ಹತ್ತೂ ಮೂವತ್ತೇಳಕ್ಕೆ, ಕಲಾವಿದರೂ ಬಾರದ, ಪ್ರೇಕ್ಷಕರೂ ಬಾರದ ಖಾಲಿ ಹಾಲಿನಲ್ಲಿ, ಮಾವ ಫೋನಿನ ತಂಬೂರಿ ಆ್ಯಪ್ ಒತ್ತಿದರು. ಕಚೇರಿ ಶಾಸ್ತ್ರೋಕ್ತವಾಗಿ ಆರಂಭವಾಯಿತು. ಹನ್ನೊಂದಕ್ಕೆ ಬಂದ ಕೊಳಲಿನ ಹುಡುಗನಿಗೆ ಅತ್ತೆ ಹೇಳಿದರು: "ನೀನು ಶುರು ಮಾಡ್ತಿಲ್ಲಪ್ಪ, ಮುಂದುವರಿಸ್ತಿದೀಯ."

ಅಂದಿನ ಲೆಕ್ಕ: ಒಂಬತ್ತು. ಅತ್ತೆಯ ಲೆಕ್ಕ: ಹತ್ತು.

"ಕಣ್ಣು ಕಾಣದೋರಿಗೆ ದಾರಿ ತೋರಿಸ್ತಾ ಬಂದಿತ್ತಲ್ಲ, ಆ ನಾಯಿನ ಬಿಟ್ಟಿದೀಯ."

"ನಾಯಿ ಹೇಗೆ ಅತ್ತೆ ಪ್ರೇಕ್ಷಕ ಆಗುತ್ತೆ?"

"ನಾಯಿ ಕೊನೇವರೆಗೂ ಕೂತಿತ್ತು ಕಣೇ. ನಿಮ್ಮ ಮಾವ ಅರ್ಧಕ್ಕೇ ಎದ್ದೋದ್ರು. ಅವರನ್ನ ಎಣಿಸ್ತೀಯ, ನಾಯಿನ ಎಣಿಸಲ್ವಾ?"

ವಾದದಲ್ಲಿ ಬಲವಿತ್ತು. ಆದರೂ ನಾನು ಒಂಬತ್ತೆಂದೇ ಬರೆದೆ.

ಎರಡನೆಯ ಕಚೇರಿ ಐರಿಶ್ ವಾದ್ಯಗಾರರದು. ಅಕಾರ್ಡಿಯನ್ ನುಡಿಸುವ ಡೋನಾಲ್ ಎಂಬ ಅಜ್ಜ, ಅವನ ಜೊತೆ ನಾಲ್ವರು. ಅತ್ತೆ ಮುಂದುಗಡೆ ಜಮಖಾನ ಹಾಸಿ, ಹೂವಿನ ಬಟ್ಟಲಿಟ್ಟು, ಎದುರಿಗೆ ಕುರ್ಚಿಗಳ ಸಾಲು ಜೋಡಿಸಿದ್ದರು. ಬಂದವರು ಐದು ಕುರ್ಚಿ ಎಳೆದುಕೊಂಡು ದುಂಡಗೆ ಕೂತು, ತಮ್ಮತಮ್ಮ ಮುಖ ನೋಡಿಕೊಂಡು ನುಡಿಸತೊಡಗಿದರು. ಮೂವರ ಬೆನ್ನು ನೇರ ಪ್ರೇಕ್ಷಕರಿಗೆ!

ಬಾಗಿಲ ಬಳಿ ನಿಂತಿದ್ದ ಅತ್ತೆ ಗಾಬರಿಯಾದರು. "ಬೆನ್ನು ತೋರಿಸ್ತಿದಾರಲ್ಲೇ! ಏನು ತಪ್ಪಾಯ್ತು? ಕಾಫಿ ತಣ್ಣಗಿತ್ತಾ? ಹೂವಿನ ಬಣ್ಣ ಸರಿ ಇಲ್ವಾ?"

ಎರಡು ಹಾಡುಗಳ ನಡುವೆ ಓಡಿಹೋಗಿ ಬಿಸಿ ಕಾಫಿ, ಮೈಸೂರುಪಾಕು ಕೊಟ್ಟು ಕ್ಷಮೆ ಕೇಳಿದರು. ಡೋನಾಲ್ ಮೈಸೂರುಪಾಕು ಅಗಿಯುತ್ತಾ ಕಕ್ಕಾಬಿಕ್ಕಿಯಾದ. "ಡಾಕ್ಟರೇ, ನಾವು ಯಾವತ್ತೂ ಹೀಗೇ ಕೂರೋದು. ನನ್ನ ಅಪ್ಪನೂ ಹೀಗೇ ಕೂತಿದ್ದ. ಒಬ್ಬರ ಬೆರಳು ಒಬ್ಬರು ನೋಡದಿದ್ದರೆ ನುಡಿಸೋದು ಹೇಗೆ?"

ಅತ್ತೆ ಕುರ್ಚಿಗಳ ಸಾಲಿನತ್ತ ತಿರುಗಿದರು. ಆಮೇಲೆ ಪ್ರೇಕ್ಷಕರನ್ನೆಲ್ಲ ಎಬ್ಬಿಸಿದರು! ಹದಿನಾಲ್ಕು ಕುರ್ಚಿಗಳನ್ನು ಅವರ ಸುತ್ತ ಇನ್ನೂ ದೊಡ್ಡ ದುಂಡಾಗಿ ಜೋಡಿಸಿದರು. ಈಗ ಯಾರ ಬೆನ್ನೂ ಯಾರಿಗೂ ಅವಮಾನವಲ್ಲ. ಮುಂದೆ ನಮ್ಮ ಮೃದಂಗದವರೂ ಹಾಗೆಯೇ ಕೂತರು. ಲೆಕ್ಕ: ಹದಿನಾಲ್ಕು.

ಕಚೇರಿಯ ಕೊನೆಗೆ ಸನ್ಮಾನ. ನಮ್ಮಲ್ಲಿ ಕಲಾವಿದರನ್ನು ಬರಿಗೈಲಿ ಕಳಿಸುವುದುಂಟೇ? ಶಾಲು, ಹಣ್ಣು, ಮೈಸೂರು ಪೇಟ, ಆಮೇಲೆ ಅತ್ತೆಯ ವಂದನಾರ್ಪಣೆ. ವಂದನಾರ್ಪಣೆಯ ಅವಧಿ ಹತ್ತೊಂಬತ್ತು ನಿಮಿಷ. ಕಟ್ಟಡದ ಹೀಟರಿಗೂ ಧನ್ಯವಾದ ಹೇಳಿದರು. ಡೋನಾಲ್ ಜರಿಯ ಪೇಟ ಧರಿಸಿ ನೇರ ಪಬ್ಬಿಗೆ ನಡೆದ. ಸಂಜೆಯವರೆಗೂ ತೆಗೆಯಲಿಲ್ಲವಂತೆ. "ಇದೆಲ್ಲಿ ಕೊಡ್ತಾರೆ?" ಎಂದು ಅಲ್ಲಿದ್ದವರೆಲ್ಲ ಕೇಳಿದರಂತೆ. ಮೂರನೆಯ ಕಚೇರಿಗೆ ಇಪ್ಪತ್ತಮೂರು ಜನ. ಅವರಲ್ಲಿ ಐವರು ತಾವೂ ಏನಾದರೂ ನುಡಿಸಬಲ್ಲೆವೆಂದು ಬ್ರೀಡಾ ಬಳಿ ಹೆಸರು ಬರೆಸಿದರು. ನಾಲ್ಕನೆಯದಕ್ಕೆ ಮೂವತ್ತೈದು!

ಐದನೆಯದಕ್ಕೆ ಬಿರುಗಾಳಿ. ಇಪ್ಪತ್ತೆಂಟು. ಆ ದಿನವೇ ಯೋಗದ ಹೆಂಗಸು ಟೇಪು ಹಿಡಿದು ಬಂದು, ಎಷ್ಟು ಚಾಪೆ ಹಿಡಿಸುತ್ತದೆಂದು ಹಾಲನ್ನು ಅಳೆದು ಹೋದಳು. ಅತ್ತೆ ಅವಳಿಗೂ ಕಾಫಿ ಕೊಟ್ಟರು. ಟೇಪಿನ ಇನ್ನೊಂದು ತುದಿಯನ್ನೂ ಹಿಡಿದರು. 

ಆ ರಾತ್ರಿ ಡೈರಿಯಲ್ಲಿ ಹೊಸದೊಂದು ಕಾಲಂ ಹಾಕಿದೆ. ಐದು ಕಚೇರಿಗಳಲ್ಲಿ ಅತ್ತೆ ಪೂರ್ತಿ ಕೇಳಿದ ಹಾಡುಗಳು: ಸೊನ್ನೆ. ಹಾಡು ಶುರುವಾದರೆ ಅವರು ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕಳಿಸುತ್ತಾರೆ, ಬೀದಿಗಿಳಿದು ಬಸ್‌ಸ್ಟಾಪಿನಲ್ಲಿದ್ದವರನ್ನು ಕರೆತರುತ್ತಾರೆ, ಕಾಫಿ ಬಿಸಿಮಾಡುತ್ತಾರೆ. ಅವರಿಗೆ ದಕ್ಕಿದ್ದು ಅದೇ ಮೊದಲ ಎರಡು ಸಾಲು. ಕೂತುಕೊಳ್ಳಿ ಎಂದರೆ, "ಬಡಿಸೋರು ಪಂಕ್ತೀಲಿ ಕೂರ್ತಾರೇನೇ?" ಎಂದು ನನ್ನನ್ನೇ ಗದರುತ್ತಾರೆ.

ಮಾರ್ಚ್ ಇಪ್ಪತ್ತೆರಡು. ಆರನೆಯ ಕಚೇರಿ. ಅತ್ತೆ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದರು. ಒಂದು ಕಾಲಿಗೆ ನೀಲಿ ಸಾಕ್ಸು, ಇನ್ನೊಂದಕ್ಕೆ ಕಪ್ಪು. ಹನ್ನೊಂದೂವರೆಗೆ ಬ್ರೀಡಾ ತಾವೇ ಎಣಿಸಲು ಬರುತ್ತಾರೆ. ಹನ್ನೊಂದೂ ಇಪ್ಪತ್ತಾರಕ್ಕೆ ನಾನು ಮೂರನೆಯ ಸಲ ಎಣಿಸಿ ಮುಗಿಸಿದೆ.

"ಎಷ್ಟೇ?"

"ಮೂವತ್ತೊಂಬತ್ತು."

"ಮಾವನ್ನ ಸೇರಿಸಿದ್ಯಾ?"

"ಸೇರಿಸಿದೀನಿ. ಇವತ್ತು ಎದ್ದು ಹೋಗಲ್ಲಾಂತ ಮಾತು ಕೊಟ್ಟಿದಾರೆ."

ಅತ್ತೆ ಬೀದಿಯತ್ತ ನೋಡಿದರು. ಬಸ್‌ಸ್ಟಾಪು ಖಾಲಿ. ಆಮೇಲೆ ನಿಧಾನವಾಗಿ ನಾಯಿಯತ್ತ ನೋಡಿದರು.

"ಅತ್ತೆ, ನಾಯಿ ಬೇಡ. ನೀವು ಕೂತ್ಕೊಳ್ಳಿ."

"ನಾನಾ? ಬಂದೋರನ್ನ ನೋಡ್ಕೊಳ್ಳೋರು ಯಾರು?"

"ನಾನು ನಿಲ್ತೀನಿ. ಈ ಮೂರು ತಿಂಗಳಲ್ಲಿ ಇಲ್ಲಿ ಒಂದು ಸಲಾನೂ ಕೂರದೇ ಇರೋರು ನೀವೊಬ್ರೇ. ನನ್ ಹತ್ರ ಲೆಕ್ಕ ಇದೆ."

ಭುಜ ಹಿಡಿದು ಕರೆದೊಯ್ದು ಡೋನಾಲನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ನಲವತ್ತು!

ಆಗ ಕಿಟಕಿಯ ಬಳಿ ಕೂತಿದ್ದ, ಹಸಿರು ಸ್ವೆಟರಿನ ಮುದುಕಿಯೊಬ್ಬರು ಎದ್ದು ನಿಂತರು. ಅವರು ಅಂದಿನ ಪಟ್ಟಿಯಲ್ಲಿರಲಿಲ್ಲ. ಐರ್ಲೆಂಡಿನ ಉತ್ತರ ತುದಿಯ ಲೆಟರ್‌ಕೆನ್ನಿ ಕಡೆಯವರು, ಮಗಳ ಮನೆಗೆ ಬಂದವರು ಎಂದಷ್ಟೇ ಹೇಳಿಕೊಂಡರು. ಅತ್ತೆಯ ಕಡೆ ಕೈತೋರಿಸಿ, "ಹೋದ ವರ್ಷ ಇಲ್ಲೇ ಮಗಳ ಮನೇಲಿದ್ದಾಗ ಸೊಂಟದ ಆಪರೇಷನ್ನಿಗೆ ಈ ಡಾಕ್ಟರು ನನ್ನ ಮಲಗಿಸಿದ್ದು. ತುಂಬಾ ಹೆದರಿದ್ದೆ. ಹಾಡು ಹೇಳಿ ಅಂದರು. ಎರಡನೇ ಸಾಲಿಗೆ ನಿದ್ದೆ ಬಂತು. ಉಳಿದದ್ದನ್ನು ಹಾಡಿ ಮುಗಿಸೋಣ ಅಂತ ಬಂದೆ," ಎಂದರು.

ಹಾಲೆಲ್ಲ ನಕ್ಕಿತು, ಚಪ್ಪಾಳೆ ತಟ್ಟಿತು. ಅತ್ತೆ ಎರಡೂ ಕೈ ಕೆನ್ನೆಗಿಟ್ಟುಕೊಂಡು ಮುಂದಕ್ಕೆ ಬಾಗಿದರು. ಮುದುಕಿ ಕಣ್ಣುಮುಚ್ಚಿ ಐರಿಶ್ ಭಾಷೆಯಲ್ಲಿ ಹಾಡತೊಡಗಿದರು. ವಾದ್ಯವಿಲ್ಲ, ತಾಳವಿಲ್ಲ, ನಿಧಾನವಾದ, ದೂರದ ದನಿ. ಮೊದಲ ಸಾಲು ಮುಗಿಯಿತು.

ಎರಡನೆಯ ಸಾಲಿನ ನಡುವೆ ಅತ್ತೆಯ ತಲೆ ಡೋನಾಲನ ಭುಜಕ್ಕೆ ಒರಗಿತು. ಗೊರಕೆ!

ನಗುವುದೋ ಅಳುವುದೋ ತಿಳಿಯಲಿಲ್ಲ. ಡೋನಾಲ್ ಅಲುಗಾಡದೆ ಕೂತ. ಅದೇ ಹೊತ್ತಿಗೆ ಬ್ರೀಡಾ ಬಂದು ಬೆರಳು ಆಡಿಸುತ್ತಾ ಎಣಿಸಿದರು. ಮೂವತ್ತೊಂಬತ್ತು ಮುಗಿದು ಬೆರಳು ಅತ್ತೆಯ ಮುಂದೆ ನಿಂತಿತು. 

"ಮಲಗಿದ್ದಾರಲ್ಲ?" ಎಂದು ಪಿಸುಗುಟ್ಟಿದರು.

"ಕೇಳಿಸಿಕೊಳ್ಳುತ್ತಲೇ ಮಲಗಿದ್ದು," ಎಂದ ಡೋನಾಲ್, ತುಟಿ ಮಾತ್ರ ಅಲ್ಲಾಡಿಸಿ.

ಬ್ರೀಡಾ ಬಾಗಿ ನೋಡಿದರು. "ಉಸಿರಾಡುತ್ತಿದ್ದಾರೆ ತಾನೇ? ಹಾಗಾದರೆ ಗ್ರ್ಯಾಂಡ್, ಪರವಾಗಿಲ್ಲ. ನಲವತ್ತು."

ಗೆದ್ದೆವು! ಕೂಗುವಂತಿಲ್ಲ, ಕುಣಿಯುವಂತಿಲ್ಲ, ಅತ್ತೆ ಏಳುತ್ತಾರಲ್ಲ! ಹಾಡು ಮುಗಿದಾಗ ಡೋನಾಲ್ ಬಿಟ್ಟು ಉಳಿದವರೆಲ್ಲ ಸದ್ದಿಲ್ಲದೆ ಕೈಗಳನ್ನು ಮೇಲೆತ್ತಿ ಆಡಿಸಿದರು. ಲೈಬ್ರರಿ ಕಂಡ ಅತ್ಯಂತ ಮೌನವಾದ ವಿಜಯೋತ್ಸವ ಅದೇ ಇರಬೇಕು. ವಂದನಾರ್ಪಣೆ ಮಾವನ ಪಾಲಿಗೆ ಬಂತು: "ಥ್ಯಾಂಕ್ಸ್." ಅವಧಿ ಒಂದು ಸೆಕೆಂಡು. ಆಮೇಲೆ ಅವರು ಉಳಿದಿದ್ದ ಕೊನೆಯ ಶಾಲನ್ನು ಮುದುಕಿಗೆ ಹೊದಿಸಿದರು. ಮುದುಕಿ ಅದನ್ನು ತೆಗೆದು ಅತ್ತೆಗೆ ಕುತ್ತಿಗೆಯವರೆಗೆ ಹೊದಿಸಿ, ಅಂಚನ್ನು ಸರಿಮಾಡಿ, ಮಗಳ ಕಾರು ಕಾಯುತ್ತಿದೆಯೆಂದು ಹೊರಟುಹೋದರು.

ಅತ್ತೆ ಎದ್ದಾಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಅಷ್ಟು ಹೊತ್ತೂ ಡೋನಾಲ್ ಭುಜ ಕದಲಿಸಿರಲಿಲ್ಲ. ಅತ್ತೆ ಶಾಲನ್ನು ಮುಟ್ಟಿ ನೋಡಿಕೊಂಡರು.

"ಎಷ್ಟಾಯ್ತು?"

"ನಲವತ್ತು. ವರ್ಷವಿಡೀ ಹಾಲು ನಮ್ಮದೇ."

ಕುಣಿಯುತ್ತಾರೆಂದುಕೊಂಡಿದ್ದೆ. ಅವರು ಶಾಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕೇಳಿದರು: "ಹಾಡು ಹೇಗೆ ಮುಗೀತು ಪುಟ್ಟಿ?"

ಹಾಡಿನ ಕೊನೆಯನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ನಾನು ಬ್ರೀಡಾರ ಬೆರಳನ್ನೇ ನೋಡುತ್ತಿದ್ದೆ. ಡೋನಾಲ್ ಆ ಹಾಡನ್ನು ಮುಂಚೆ ಕೇಳಿಯೇ ಇರಲಿಲ್ಲವಂತೆ. ಆಸ್ಪತ್ರೆಯ ಕಡತದಲ್ಲಿ ಹೆಸರು ಹುಡುಕುವುದನ್ನು ಅತ್ತೆ ಒಪ್ಪುವುದಿಲ್ಲ, ತಪ್ಪು ಅನ್ನುತ್ತಾರೆ. ಗಂಟೆ, ನಿಮಿಷ, ತಲೆ, ಕುರ್ಚಿ, ಅತ್ತೆಯ ಸಾಕ್ಸಿನ ಬಣ್ಣ ಎಲ್ಲ ನನ್ನ ಡೈರಿಯಲ್ಲಿದೆ. ಆ ಅಜ್ಜಿಯ ಹೆಸರಿಲ್ಲ, ಹಾಡಿನ ಹೆಸರೂ ಇಲ್ಲ.

ಲೆಟರ್‌ಕೆನ್ನಿ ಕಡೆ ಇರುವ ಕನ್ನಡದವರೇ, ಹಸಿರು ಸ್ವೆಟರು, ಹೊಸ ಸೊಂಟ, ಕಣ್ಣುಮುಚ್ಚಿ ಹಾಡುವ ಒಬ್ಬ ಅಜ್ಜಿ ನಿಮ್ಮ ಕಣ್ಣಿಗೆ ಬಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ಶನಿವಾರ ಹನ್ನೊಂದಕ್ಕೆ ಡೋನಾಲನ ಪಕ್ಕದ ಕುರ್ಚಿ ಈಗ ಅತ್ತೆಯದೇ. ಬಾಗಿಲಲ್ಲಿ ನಾನು ನಿಲ್ಲುತ್ತೇನೆ. ಅಜ್ಜಿ ಮತ್ತೊಮ್ಮೆ ಬರಲಿ. ಮೂರನೆಯ ಸಾಲಿನಿಂದ ಶುರುಮಾಡಿದರೂ ಸಾಕು.