ತಗಡಿಗೆ ಮೂಡಿದ ಮಹಾವ್ಯಾಧ

ನಮ್ಮ ಮುತ್ತಜ್ಜ ಡಾಕಪ್ಪ ಚುಕ್ಕಿ ನೋಡಿ ಕೂರಿಗೆ ಹೂಡಿದನೆಂದರೆ ಕುಪ್ಪೇಲೂರಿನ ಮಂದಿ ಮರುಮಾತಿಲ್ಲದೆ ಬೀಜ ಹೊರಗೆ ತೆಗೆಯುತ್ತಿದ್ದರು. ಅಜ್ಜ ತಿರಕಪ್ಪ ಅಮಾವಾಸ್ಯೆಯಲ್ಲಿ ಚುಕ್ಕಿಗಳನ್ನೇ ಗುರುತು ಹಿಡಿದು ಮೆಣಸಿನಕಾಯಿ ಚಕ್ಕಡಿಯನ್ನು ಬ್ಯಾಡಗಿ ಪೇಟೆಗೆ ಮುಟ್ಟಿಸಿದವನು. ಅಪ್ಪ ಮೈಲಾರಲಿಂಗ ಅಂಗಳದಲ್ಲಿ ಅಂಗಾತ ಮಲಗಿ ಮಳೆ ಹೇಳಿದರೆ, ದಾಟಿ ಹೋದ ಮೋಡವೂ ನಾಚಿಕೊಂಡು ತಿರುಗಿ ಬರುತ್ತಿತ್ತು. ಇಂಥವರ ಕುಡಿ ನಾನು, ಮಾಲತೇಶಪ್ಪ. ಸಾಲೆ ಕಲಿತದ್ದು ಕಡಿಮೆ. ಆದರೆ ರಾಣೇಬೆನ್ನೂರಿನಿಂದ ತಂದ ಖಗೋಳದ ಪುಸ್ತಕ ನನ್ನ ಬೆರಳು ತಾಗಿ ತಾಗಿ ಸವೆದಿದೆ.

ಈ ಸುಗ್ಗಿಯಲ್ಲಿ ಪಣ ತೊಟ್ಟೆ: ನಮ್ಮ ಮನೆಯಲ್ಲಿ ಹಗಲಿಗೇ ಚುಕ್ಕಿ ತೋರಿಸಬೇಕು!

ಹಿತ್ತಲಲ್ಲಿ ಎರಡಾಳೆತ್ತರದ ತಗಡಿನ ಶೆಡ್ಡು ಇದೆ. ಬಾಗಿಲು ಹಾಕಿದರೆ ಒಳಗೆ ಕಗ್ಗತ್ತಲು. ತಗಡಿಗೆ ಅಳತೆ ಹಿಡಿದು ತೂತು ಹೊಡೆದರೆ ಬಿಸಿಲೇ ಮಹಾವ್ಯಾಧನೆಂಬ ಬೇಟೆಗಾರನ ನಕ್ಷತ್ರಪುಂಜವಾಗುತ್ತದೆ. ಶೆಡ್ಡಿನ ನೆಲದ ಮೇಲೆ ಹೆಂಡತಿ ಜಯವ್ವ ಬೀಜದ ಮೆಣಸಿನಕಾಯಿ ಹರವಿದ್ದಳು. ಗಿಡಗಿಡ ತಿರುಗಿ ಆರಿಸಿದ ಕಾಯಿ. ಮುಂದಿನ ವರ್ಷದ ಬೆಳೆ ಅಷ್ಟರಲ್ಲೇ ಇತ್ತು.

"ತಗಡಿನ ಮ್ಯಾಲೆ ಏನ್ ಕುಟ್ಟಾಕತ್ತೀರಿ?" ಕೆಳಗಿನಿಂದ ಕೇಳಿದಳು.

"ಚುಕ್ಕಿಗೆ ದರ್ಜೆ ಹಾಕಾಕತ್ತೇನಿ. ನೀ ಕಾಯಿನ ತೆಳ್ಳಂದು ಕಡ್ಡಿ, ದಪ್ಪಂದು ಡಬ್ಬಿ ಅಂತ ಬ್ಯಾರೆ ಮಾಡಂಗಿಲ್ಲೇನು, ಹಂಗ. ಭಾಳ ಹೊಳಿಯೋದು ಒಂದನೇ ದರ್ಜೆ, ಅದಕ್ಕ ದಪ್ಪ ಮೊಳಿ. ನಡಪಟ್ಟಿಯ ಮೂರು ಎರಡನೇ ದರ್ಜೆ, ಅವಕ್ಕ ಸಣ್ಣ ಮೊಳಿ. ತಲಿ ಮ್ಯಾಲಿಂದು ಮೂರನೇದು, ಅದಕ್ಕ ದಬ್ಬಣ."

ಭುಜದ ಮೇಲಿನ ಆರಿದ್ರಾ ಕೆಂಪು ಚುಕ್ಕಿ. ಅದರ ತೂತಿಗೆ ಟ್ರ್ಯಾಕ್ಟರಿನ ಹಿಂದಿನ ದೀಪದ ಕೆಂಪು ಚೂರು ಅಂಟಿಸಿದೆ. ಕಾಲಿನ ಬಳಿಯ ರೀಗೆಲ್‌ಗೆ ಬರೀ ಬಿಸಿಲು ಸಾಕು, ಅದು ನೀಲಿ ಮಿಶ್ರಿತ ಬಿಳಿ.

"ಕೆಂಪಂದು ಭಾಳ ಬಿಸಿ ಇರಬೇಕಲಾ?" ಎಂದಳು.

"ಇಲ್ಲಬೇ, ನೀಲಿದು ಬಿಸಿ, ಕೆಂಪಂದು ತಂಪು. ನಮ್ಮ ಬ್ಯಾಡಗಿ ಕಾಯಿ ಇದ್ದಂಗ, ಮೈಯೆಲ್ಲಾ ಕೆಂಪು, ಖಾರ ಕಮ್ಮಿ."

"ಗೊತ್ತಾತು ಬಿಡ್ರಿ. ನಿಮ್ಮ ಸಿಟ್ಟಿನಂಗ." ಕಾಯಿ ಹೊರಳಿಸುತ್ತ ಮತ್ತೆ ಕೇಳಿದಳು, "ಮಳಿ ಬಂದ್ರ?"

"ಮೈಲಾರಲಿಂಗನ ಮಗ ಹೇಳ್ತಾನ, ಯುಗಾದಿತನಾ ಒಂದ್ ಹನಿ ಬೀಳಂಗಿಲ್ಲ."

ಅಂದು ಸಂಜೆಯೇ ಗುಡುಗಿತು. ಹಿಂದೆಯೇ ಮಳೆ ಹಿಡಿಯಿತು. ಶೆಡ್ಡಿಗೆ ಓಡಿ ದೀಪ ಹಾಕಿದರೆ, ಅಯ್ಯೋ ಶಿವನೇ! ಮಹಾವ್ಯಾಧ ಪುಸ್ತಕದಲ್ಲಿ ಇದ್ದಂತೆಯೇ ಬೀಜದ ಕಾಯಿಗಳ ಮೇಲೆ ಸುರಿಯುತ್ತಿದ್ದ. ಒಂದು ಚುಕ್ಕಿಯೂ ಸ್ಥಾನ ತಪ್ಪಿರಲಿಲ್ಲ. ಮಳೆ ಸುರಿಸುವ ನಕ್ಷತ್ರವೆಂದು ಹೆಸರಾದ ಆರಿದ್ರಾ ಒಂದೇ, ಕೆಂಪು ಚೂರಿನ ದೆಸೆಯಿಂದ, ಒಂದು ಹನಿಯನ್ನೂ ಬಿಡಲಿಲ್ಲ.

ನಾನು ಬಾಯಿ ತೆರೆದು ನಿಂತೆ. ಜಯವ್ವ ನಿಲ್ಲಲಿಲ್ಲ. ರೀಗೆಲ್ ಕೆಳಗೆ ಕೊಡ ಇಟ್ಟಳು, ನಡಪಟ್ಟಿಗೆ ತಂಬಿಗೆ ಇಟ್ಟಳು, ತಲೆಯ ಚುಕ್ಕಿಗೆ ಲೋಟ.

"ದರ್ಜೆ ಬರೋಬರಿ ಅದಾವಿಲ್ರಿ?" ಎಂದಳು. ಹೌದೆನ್ನದೆ ಗತಿ ಇರಲಿಲ್ಲ. ತೊಯ್ದ ಕಾಯಿಗಳನ್ನು ಉಡಿಗೆ ತುಂಬಿಕೊಳ್ಳುತ್ತ, "ಇವು ಬೂಸ್ಟ ಹಿಡದ್ರ ಮುಂದಿನ ವರ್ಷ ನಿಮ್ಮ ಚುಕ್ಕಿನ ಬಿತ್ತೂಣು" ಎಂದಳು.

ಮರುದಿನ ಬಿಸಿಲು ಚುರುಗುಟ್ಟುತ್ತಿತ್ತು. ತೂತು ಮುಚ್ಚಲು ಡಾಂಬರು ಹಿಡಿದು ತಗಡು ಏರಿದೆ. ಕೊನೆಯ ಚುಕ್ಕಿ ಮುಚ್ಚಿ ತಿರುಗಿ ನೋಡಿದರೆ ನಿಚ್ಚಣಿಕೆ ಇಲ್ಲ! ಜಯವ್ವ ಅದನ್ನು ಮನೆಯ ಮಾಳಿಗೆಗೆ ಹಚ್ಚಿ, ಅಲ್ಲಿ ಬೀಜದ ಕಾಯಿ ಹರವುತ್ತಿದ್ದಳು.

"ನಿಚ್ಚಣಿಕಿ!" ಎಂದು ಕೂಗಿದೆ.

"ಕಾಯಿ ಒಣಗಲಿ, ಕೊಡ್ತೇನಿ. ಅಡ್ಡಿಯಿಲ್ಲ, ಬೀಜ ಉಳೀತಾವ" ಎಂದಳು. ಜೀವ ಬಂತು, ಆದರೆ ಕಾಲಡಿಯ ತಗಡು ಹಂಚಿನಂತೆ ಕಾದಿತ್ತು. ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದೆ.

ಪಕ್ಕದ ಮನೆಯ ಯೂಸುಫಸಾಬ ಗೋಡೆಯಾಚೆಯಿಂದ ನನ್ನ ಕುಣಿತ ನೋಡಿದ. ಆ ತಗಡು ಹೊದಿಸಿದವನೇ ಅವನು.

"ಯಜಮಾನ್ರ, ನಮ್ಮ ನಿಚ್ಚಣಿಕಿ ತರ್ಲೇನ್ರಿ?"

ಮಾಳಿಗೆಯ ಮೇಲಿಂದ ಜಯವ್ವ ನನ್ನತ್ತಲೇ ನೋಡುತ್ತಿದ್ದಳು. ಡಾಕಪ್ಪ, ತಿರಕಪ್ಪ, ಮೈಲಾರಲಿಂಗ, ಮೂವರೂ ಕಣ್ಣ ಮುಂದೆ ಬಂದು ನಿಂತರು.

"ಬ್ಯಾಡೋ ಯೂಸುಫಸಾಬ. ನಮ್ಮ ಮನಿತನದಾಗ ಚುಕ್ಕಿ ನೋಡಾಕ ಯಾರೂ ನೆರಮನಿ ನಿಚ್ಚಣಿಕಿ ಕೇಳಿಲ್ಲ. ರಾತ್ರಿ ಆರಿದ್ರಾ ಕಾಣೂತನಾ ನಾ ಇಲ್ಲೇ ನಿಂತಿರ್ತೇನಿ."