ಆಷ್‌ಪೋರ್ಟಿನ ದೇಶಭಕ್ತ ರೋಗಿಗಳು

ರಾಜನ ಸುಂಕ ಹೊತ್ತು ಬಂದ ಚಹಾವನ್ನು ಆಷ್‌ಪೋರ್ಟಿನ ಯಾವ ಮನೆಯಲ್ಲೂ ಕುಡಿಯತಕ್ಕದ್ದಲ್ಲ. ಕುಡಿದವನು ದೇಶದ ವೈರಿ. ಲಂಡನ್ನಿನ ಆಳ್ವಿಕೆಯಲ್ಲಿದ್ದ ಮ್ಯಾಸಚೂಸೆಟ್ಸ್ ವಸಾಹತಿನ ಆ ಊರು ೧೭೭೪ರ ಡಿಸೆಂಬರಿನಲ್ಲಿ ಪ್ರಾರ್ಥನಾಮಂದಿರದಲ್ಲಿ ಸೇರಿ ಈ ನಿಯಮವನ್ನು ಸರ್ವಾನುಮತದಿಂದ ಅಂಗೀಕರಿಸಿತು. ತಮ್ಮನ್ನು ಕೇಳದೆ ಸುಂಕ ಹೇರಿದ ಲಂಡನ್ನಿಗೆ ಅದೇ ಉತ್ತರ. ಪೀಪಾಯಿ ಕಟ್ಟುವ ಜೋಥಮ್ ಸ್ಪ್ರೇಗ್ ಕೂಡ ಕೈ ಎತ್ತಿದ. ಮೂವತ್ತು ವರ್ಷ ಚಹಾ ಇಲ್ಲದೆ ಬೆಳಗಾಗದಿದ್ದವನು ಮರುದಿನದಿಂದ ರಾಸ್ಪ್‌ಬೆರಿ ಎಲೆಯ ಕಷಾಯ ಕುಡಿದು ಮುಖ ಕಿವುಚತೊಡಗಿದ. ಕೈ ಎತ್ತಿದ ಮೇಲೆ ಮಾತು ಮುಗಿಯಿತು ಎಂಬುದು ಅವನ ತಿಳುವಳಿಕೆ. ಸಭೆ ಸಮಿತಿಗಳ ಅನುಭವ ಅವನಿಗೆ ಕಡಿಮೆ.

ಅಂಗಡಿಗಳ ಚಹಾವನ್ನೆಲ್ಲ, ನಿಯಮ ಕಾಯಲು ಊರು ನೇಮಿಸಿದ ತಪಾಸಣಾ ಸಮಿತಿ ವಶಪಡಿಸಿಕೊಂಡು, ಅಧ್ಯಕ್ಷರೂ ಚರ್ಚಿನ ಹಿರಿಯರೂ ಆದ ಡೀಕನ್ ಎಲಿಫಲೆಟ್ ಗೋರ್ ಅವರ ಉಗ್ರಾಣದಲ್ಲಿ ಇರಿಸಿತು. ಸರಕು ಕೆಟ್ಟಿದೆಯೇ ಎಂದು ದಿನಕ್ಕೆರಡು ಸಲ ಸಕ್ಕರೆ ಬೆರೆಸಿ ಪರೀಕ್ಷಿಸುವ ಹೊಣೆಯನ್ನು ಅವರು ತಾವೇ ಹೊತ್ತರು. ಬಳಿಕ ಒಂದು ತಿದ್ದುಪಡಿ ಬಂತು: "ರೋಗಿಗಳಿಗೆ ಔಷಧವಾಗಿ ಚಹಾ ನೀಡಬಹುದು. ವೈದ್ಯರ ಚೀಟಿ, ಸಮಿತಿಯ ರುಜು ಕಡ್ಡಾಯ."

ಮೊದಲು ಡೀಕನ್ನರ ಹೆಂಡತಿಗೆ ಎದೆ ಹಿಡಿಯಿತು. ಆಮೇಲೆ ಪಾದ್ರಿಗೆ ತಲೆಸುತ್ತು. ಫೆಬ್ರವರಿಯ ಹೊತ್ತಿಗೆ ಸಮಿತಿಯ ಏಳು ಮಂದಿಯೂ ಹಾಸಿಗೆ ಹಿಡಿದಿದ್ದರು. ಸಭೆಗೆ ಮಾತ್ರ ಎದ್ದು ಬರುತ್ತಿದ್ದರು. ಮಾರ್ಚಿನಲ್ಲಿ ಒಬ್ಬನ ಹೊರತು ಊರ ಗಂಡಸರೆಲ್ಲ 'ದೀರ್ಘಕಾಲದ ನಿಶ್ಶಕ್ತಿ'ಗೆ ತುತ್ತಾದರು. ವೈದ್ಯ ಅಸಹೆಲ್ ಪೂರ್ ನಾಡಿ ನೋಡುವುದನ್ನೇ ಬಿಟ್ಟ. ಚೀಟಿ ಬರೆಯುವ ಕೈಗೆ ಬಿಡುವಿರಲಿಲ್ಲ.

ಒಬ್ಬ ಆರೋಗ್ಯವಂತ ಉಳಿದದ್ದು ಆಡಳಿತಾತ್ಮಕ ಸಮಸ್ಯೆಯಾಯಿತು. ಡೀಕನ್ನರು ವೈದ್ಯನನ್ನು ಕರೆದುಕೊಂಡು ಜೋಥಮನ ಪೀಪಾಯಿಗಳ ನಡುವೆ ಬಂದು ನಿಂತರು.

"ಏನಪ್ಪಾ ಜೋಥಮ್, ನಿನಗೇನೂ ಆಗಿಲ್ವಂತೆ?"

"ಚೆನ್ನಾಗಿದೀನಿ ಡೀಕನ್ನರೇ."

"ಅದೇ ಕಣಯ್ಯಾ ತೊಂದರೆ. ಊರಿಗೆ ಊರೇ ಕಾಯಿಲೆ ಬಿದ್ದಿರೋವಾಗ ನೀನೊಬ್ಬ ಗಟ್ಟಿಮುಟ್ಟಾಗಿ ತಿರುಗಿದ್ರೆ ಏನರ್ಥ? ರಾಜನ ಕಡೆಯೋನು ಅಂತಾರೆ."

"ಬೆನ್ನುನೋವು ಅಂತ ಬರೀಲಾ?" ವೈದ್ಯ ಕಾಗದ ತೆಗೆದ. "ನಿನ್ನ ಕಸುಬಿಗೆ ಒಪ್ಪತ್ತೆ."

"ಬೆನ್ನು ನೋಯ್ತಿಲ್ವಲ್ಲ ಡಾಕ್ಟ್ರೇ."

"ನೋಯ್ಬೇಕು ಅಂತ ಯಾರಯ್ಯಾ ಅಂದ್ರು?"

"ಕುಡಿಯೋಲ್ಲ ಅಂತ ತಾನೇ ನಾವೆಲ್ಲ ಕೈ ಎತ್ತಿದ್ದು?"

"ಯಾರು ಕುಡೀತಿದಾರೆ?" ಡೀಕನ್ನರು ನೊಂದುಕೊಂಡರು. "ಔಷಧ ತಗೋತಿದೀವಿ."

ಏಪ್ರಿಲ್ ಇಪ್ಪತ್ತರೊಳಗೆ ಕಾಯಿಲೆ ಬೀಳದಿದ್ದಲ್ಲಿ 'ದೇಶದ ವೈರಿ' ಎಂದು ಅವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದೆಂದು ನಿರ್ಣಯವಾಯಿತು. ಆಮೇಲೆ ಅವನ ಪೀಪಾಯಿ ಕೊಳ್ಳುವವರಿಲ್ಲ, ಹೆಂಡತಿ ಹೆಪ್ಸಿಬಾಳನ್ನು ಮಾತಾಡಿಸುವವರಿಲ್ಲ.

"ಒಂದು ಸಲ ಕೆಮ್ಮಿಬಿಡೀಂದ್ರೆ," ಅವಳು ಗೋಗರೆದಳು. "ನಿಮ್ಮ ಗಂಟೇನು ಹೋಗತ್ತೆ?"

ಅವನು ಕೆಮ್ಮಲಿಲ್ಲ.

ಹತ್ತೊಂಬತ್ತರ ಮಧ್ಯಾಹ್ನ, ನೊರೆ ಕಾರುವ ಕುದುರೆಯೇರಿ ಒಬ್ಬ ಬಂದ. ಲೆಕ್ಸಿಂಗ್ಟನ್ನಿನಲ್ಲಿ ರಾಜನ ಸಿಪಾಯಿಗಳು ನಮ್ಮವರನ್ನು ಗುಂಡಿಕ್ಕಿ ಕೊಂದಿದ್ದಾರೆ, ಇಷ್ಟು ದಿನದ ಗಲಾಟೆ ಇನ್ನು ಯುದ್ಧ ಎಂದ. ನಗಾರಿ ಮೊಳಗಿತು. ಸಮರ್ಥ ಗಂಡಸರೆಲ್ಲ ಕೋವಿ ಹಿಡಿದು ಹೊರಡತಕ್ಕದ್ದು ಎಂಬ ಆದೇಶವನ್ನು ಮೈದಾನದಲ್ಲಿ ಓದಲಾಯಿತು.

ನೂರ ನಲವತ್ತು ಕೈಗಳು ಮೇಲೆದ್ದವು. ಪ್ರತಿ ಕೈಯಲ್ಲೂ ಒಂದು ಚೀಟಿ. ವೈದ್ಯನೂ ತನಗೆ ತಾನೇ ಬರೆದುಕೊಂಡದ್ದನ್ನು ತೋರಿಸಿದ. ಸಮಿತಿ ಪರಿಶೀಲಿಸಿ ದಾಖಲೆಗಳೆಲ್ಲ ಕ್ರಮಬದ್ಧವಾಗಿವೆ ಎಂದು ಸಾರಿ, ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಯಿತು: "ಆಷ್‌ಪೋರ್ಟಿನ ಸಮರ್ಥ ಗಂಡಸರೆಲ್ಲ, ಒಬ್ಬರೂ ಹಿಂದುಳಿಯದೆ, ಸ್ವಾತಂತ್ರ್ಯ ಸಮರಕ್ಕೆ ಹೊರಟರು." ಜನ ಹೆಮ್ಮೆಯಿಂದ ಜಯಘೋಷ ಮಾಡಿ, ಔಷಧದ ವೇಳೆಯಾದ್ದರಿಂದ ಮನೆಗಳತ್ತ ತಿರುಗಿದರು.

"ಸಮರ್ಥರ ಪರವಾಗಿ ಇಲ್ಲೊಂದು ಸಹಿ ಹಾಕಪ್ಪಾ," ಡೀಕನ್ನರು ಪುಸ್ತಕ ಚಾಚಿದರು. "ಎಲ್ಲರೂ ಹೊರಟರು ಅಂತ."

"ಎಲ್ಲರೂ ಅಂದ್ರೆ?"

"ನೀನೇ."

ಜೋಥಮ್ ಲೇಖನಿ ಮುಟ್ಟಲಿಲ್ಲ. ಕೋವಿಯನ್ನು ಹೆಗಲಿಗೇರಿಸಿ ರಸ್ತೆ ಹಿಡಿದ.